ಕೇಳಿ ತಿದ್ದಿದ ಪಾಠಗಳು

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತಾಯಿ ಕಾಲುವೆ ಕೆಳಗಿನ ಗದ್ದೆಗಳಿಗೆ ಭತ್ತದ ಸಸಿ ಹಚ್ಚಲು ಹೋಗುತ್ತಿದ್ದಳು. ಒಮ್ಮೆ ಕೇಳಿದ ಪಾಠವನ್ನು ಹುಡುಗಿ ತಪ್ಪಿಲ್ಲದೆ ಹೇಳುತ್ತಿದ್ದಳು. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಎರಡು ಪದ ದಾಟುತ್ತಿರಲಿಲ್ಲ. ಮೈಗಳ್ಳಿ ಎಂದು ಎಲ್ಲರೆದುರು ಬೈದಿದ್ದೆ.

ಕಲಿಕೆಯ ತೊಂದರೆ ಇರುವ ಮಕ್ಕಳಿಗಾಗಿ ವಾರಕ್ಕೊಮ್ಮೆ ಸುರಪುರದಿಂದ ಒಬ್ಬ ಟೀಚರ್ ಬರುತ್ತಿದ್ದರು. ಹುಡುಗಿಯ ಪಕ್ಕ ಅರ್ಧ ದಿನ ಕೂತು ಎದ್ದವರೇ ನನ್ನ ಹತ್ತಿರ ಬಂದರು.

"ಸರ್, ಈಕಿ ಮೈಗಳ್ಳಿ ಅಲ್ರಿ. ಕಣ್ಣು ಚಲೋ ಅದಾವ, ಬುದ್ಧಿನೂ ಚಲೋ ಅದ. ಅಕ್ಷರ ಕೂಡಿಸಿ ಓದೂದಷ್ಟ ಆಗವಲ್ದು. ಪುಸ್ತಕನ ಈಕಿಗೆ ಓದಿ ಹೇಳಬೇಕು."

ಮುಂದಿನ ವಾರ ಟ್ಯಾಬ್ ತಂದರು. ಪಾಠ ತೆರೆದರೆ ಅದು ಗಟ್ಟಿಯಾಗಿ ಓದಬೇಕು, ಓದುವ ಪದಕ್ಕೆ ಹಳದಿ ಬಣ್ಣ ಬರಬೇಕು. ಆದರೆ ದನಿಯೇ ಹೊರಡಲಿಲ್ಲ. ನಮಗೆ ಸಿಕ್ಕಿದ್ದ ಪುಸ್ತಕ ಪುಟಗಳ ಬರೀ ಫೋಟೊ. ಅದರಲ್ಲಿ ಅಕ್ಷರಗಳಿವೆ ಎಂಬುದೇ ಟ್ಯಾಬಿಗೆ ತಿಳಿಯದು.

"ಹಂಗಾರ ನಾವೇ ಟೈಪ್ ಮಾಡೋಣ್ರಿ," ಎಂದರು ಟೀಚರ್, ಚಹಾ ಮಾಡೋಣ ಎನ್ನುವಷ್ಟು ಸಲೀಸಾಗಿ.

ಯಾರೂ ಅವರಿಗೆ ಆ ಕೆಲಸ ಹಚ್ಚಿರಲಿಲ್ಲ. ರವಿವಾರಗಳಲ್ಲಿ ಮನೆಯಲ್ಲಿ ಕೂತು ಒಂದೊಂದೇ ಪಾಠ ಟೈಪ್ ಮಾಡಿದರು. ನಕ್ಷೆ ಬಂದಲ್ಲಿ ಅದರಲ್ಲಿ ಏನಿದೆ ಎಂದು ಮಾತಿನಲ್ಲಿ ಬರೆದರು. ಕೃಷ್ಣೆ ಯಾವ ಕಡೆಯಿಂದ ಬಂದು ಎತ್ತ ಹೊರಳುತ್ತಾಳೆ ಎಂದು ಕೇಳಲು ನನಗೆ ಮೂರು ಸಲ ಫೋನ್ ಮಾಡಿದ್ದರು. ತಪ್ಪು ಹುಡುಕುವ ಕೆಲಸ ನನ್ನದು.

ಮೊದಲ ಪಾಠ ಸಿದ್ಧವಾದ ದಿನ ಹುಡುಗಿ ಹಳದಿ ಪದದ ಜೊತೆ ಬೆರಳು ಸರಿಸುತ್ತ ಕೇಳತೊಡಗಿದಳು. ನಡುವೆ ತಟ್ಟನೆ ನಿಲ್ಲಿಸಿದಳು.

"ಸರ್, ಇಲ್ಲಿ ಏನೋ ಬಿಟ್ಟಾರ್ರಿ."

"ಏನು ಬಿಟ್ಟಾರ?"

"ರಾಜ ದಂಡು ತಗೊಂಡು ಹೊಂಟಾನ. ಮುಂದಿನ ಮಾತಿನಾಗ ಗೆದ್ದು ಬಂದಾನ. ಲಡಾಯಿ ಎಲ್ಲಿ ಆತ್ರಿ?"

ಪುಸ್ತಕ ತೆರೆದೆ. ಎರಡು ಸಾಲು ಬಿಟ್ಟುಹೋಗಿದ್ದವು. ಅದೇ ಪಾಠವನ್ನು ನೋಡಿ, ಎಲ್ಲ ಸರಿಯಿದೆ ಎಂದವನು ನಾನು. ಅಂದೇ ಅವಳ ತರಗತಿಯ ಮುಂದೆ ನಿಂತು, "ಈಕಿಗೆ ಮೈಗಳ್ಳಿ ಅಂದಿದ್ದು ನನ್ನ ತಪ್ಪು," ಎಂದೆ. ಹುಡುಗಿ ತಲೆ ತಗ್ಗಿಸಿದಳು, ನಗುವನ್ನು ಮಾತ್ರ ತಡೆಯಲಾಗಲಿಲ್ಲ.

ಸುದ್ದಿ ಕೇಳಿ ಟೀಚರ್ ಬೇಸರಿಸಲಿಲ್ಲ. "ಇನ್ಮ್ಯಾಲೆ ನೀ ಕೇಳಿ ಹೂಂ ಅಂದ ಮ್ಯಾಲೇ ಬ್ಯಾರೆ ಊರ ಸಾಲಿ ಮಕ್ಕಳಿಗೆ ಕಳಸ್ತೀನವ್ವಾ," ಎಂದು ಅವಳ ಬೆನ್ನು ತಟ್ಟಿದರು. ಹಾಗೇ ನಡೆದುಕೊಂಡರು ಕೂಡ. ಹುಣಸಗಿಯ ಕಡೆಯ ಶಾಲೆಗಳಿಗೆ ಹೋದ ಪಾಠಗಳೆಲ್ಲ ಮೊದಲು ಅವಳ ಕಿವಿ ದಾಟಿದವು.

ಟ್ಯಾಬ್ ಮನೆಗೆ ಒಯ್ಯಲು ಬಿಟ್ಟೆವು. ನಾಲ್ಕು ದಿನ ಬಿಟ್ಟು ತಾಯಿ ಶಾಲೆಗೆ ಬಂದಳು. ಏನಾದರೂ ಕೆಟ್ಟಿತೇ ಎಂದು ಗಾಬರಿಯಾಯಿತು.

"ಕೆಟ್ಟಿಲ್ರಿ ಸರ್. ಮಗಳು ಕೇಳೂ ಮುಂದ ನಾನೂ ಕೇಳಾಕತ್ತೀನಿ. ನಾ ಸಾಲಿಗಿ ಹೋದಾಕಿ ಅಲ್ಲ. ಮುಂದಿನ ಪಾಠ ಯಾವಾಗ ಬರ್ತದ್ರಿ?"

ವರ್ಷದ ಕೊನೆಗೆ ಹುಡುಗಿ ಟ್ಯಾಬಿನ ದನಿ ನಿಲ್ಲಿಸಿ ಒಂದಿಡೀ ಪುಟವನ್ನು ತಾನೇ ಓದಿದಳು, ತಡೆತಡೆದು. ಈಗ ಯಾದಗಿರಿಯ ಕಾಲೇಜಿನಲ್ಲಿ ಇತಿಹಾಸ ಕಲಿಯುತ್ತಿದ್ದಾಳೆ. ದಪ್ಪ ಪುಸ್ತಕಗಳನ್ನು ಇಂದಿಗೂ ಕೇಳಿಯೇ ಮುಗಿಸುತ್ತಾಳೆ. ಟೀಚರ್ ಟೈಪ್ ಮಾಡುವುದನ್ನು ಬಿಟ್ಟಿಲ್ಲ. ಪಠ್ಯ ಬದಲಾದಾಗಲೆಲ್ಲ ಮೊದಲ ಪುಟದಿಂದ ಮತ್ತೆ ಶುರುಮಾಡುತ್ತಾರೆ.