ಬಾನೆಟ್ಟಿನ ಮೇಲೆ ಪಾಪುವಿನ ಲಂಗೋಟಿ

ಗೆಳತಿಯರೇ, ಇವತ್ತು ನಮ್ಮ ಅತ್ತೆ, ನನ್ನ ಮೈದುನನ ಟರ್ಬೊ ಕಾರಿನ ಬಾನೆಟ್ಟಿನ ಮೇಲೆ ನನ್ನ ಪಾಪುವಿನ ಒದ್ದೆ ಲಂಗೋಟಿಗಳನ್ನು ಹರವಿಬಿಟ್ಟರು. ದೊಡ್ಡಬಳ್ಳಾಪುರದಲ್ಲಿ ವಾರದಿಂದ ಜಿಟಿಜಿಟಿ ಮಳೆ. ಬೆಳಗಿನಿಂದ ಕರೆಂಟಿಲ್ಲದೆ ಮಗ್ಗವೂ ನಿಂತಿದೆ, ಇಸ್ತ್ರಿಪೆಟ್ಟಿಗೆಯೂ ತಣ್ಣಗೆ ಕೂತಿದೆ. ನೆಗಡಿಯಾದ ಪಾಪುವಿಗೆ ಸುತ್ತಲು ಒಣಬಟ್ಟೆ ಒಂದೂ ಇರಲಿಲ್ಲ. ರಾತ್ರಿಯೆಲ್ಲ ಅದರ ಎದೆ ಮುಟ್ಟಿ ನೋಡುತ್ತ ಕೂತಿದ್ದ ನನಗೆ ಅಳುವೇ ಬಂದಿತ್ತು.

ದೇವನಹಳ್ಳಿಯಿಂದ ಬಂದು ಆಗಷ್ಟೇ ಮನೆ ಮುಂದಿನ ತಗಡಿನ ಶೀಟಿನಡಿ ಕಾರು ನಿಲ್ಲಿಸಿದ್ದ ಮೈದುನ ಓಡಿಬಂದ.

"ಅಮ್ಮಾ, ತೆಗಿಯಮ್ಮ! ಟರ್ಬೊ ಕೆಂಡದಂಗೆ ಕಾದಿರುತ್ತೆ. ಬಿಸಿ ಹೊರಗೋಗ್ಲಿ ಅಂತಾನೇ ಬಾನೆಟ್ಟು ಕೊಯ್ಸಿ ಸೀಳು ಇಡ್ಸಿದೀನಿ. ಅದನ್ನೇ ಮುಚ್ಚಿದ್ರೆ ಒಳಗಿನ ವೈರೆಲ್ಲ ಬೆಂದೋಗುತ್ತೆ!"

"ಹೆಂಗೂ ಹೊರಗೋಗೋ ಬಿಸಿ ತಾನೆ ಕಣೋ? ಮಗೂಗೆ ಆಗ್ಲಿ ಬಿಡು."

ಕೊನೆಗೆ ರಾಜಿಯಾಯಿತು. ಸೀಳು ಮುಚ್ಚದ ಹಾಗೆ ನಾನೂ ಅತ್ತೆಯೂ ಸೀರೆ ಮಡಿಸುವವರಂತೆ ಎರಡು ತುದಿ ಹಿಡಿದು, ಒಂದೊಂದೇ ಬಟ್ಟೆಯನ್ನು ಮೇಲೆ ಎತ್ತಿ ಹಿಡಿದೆವು. ಇಂಜಿನ್ ಆಫಾಗಿದ್ದರೂ ಒಳಗಿನಿಂದ ಬಿಸಿ ಏರುತ್ತಲೇ ಇತ್ತು. ಬಟ್ಟೆ ಮಲಗಿದ ಮಗುವಿನ ಹೊಟ್ಟೆಯಂತೆ ಮೆಲ್ಲಗೆ ಉಬ್ಬಿತು. ತೇವದ ಕಲೆ ಕಣ್ಣೆದುರೇ ಕುಗ್ಗಿ ಕುಗ್ಗಿ ಮಾಯವಾಯಿತು. ಶಾಖದ ಪಾಠ ಓದಿ ಡಿಗ್ರಿ ಪಾಸಾದ ನಾನು ಬಾಯಿ ತೆರೆದು ನಿಂತಿದ್ದೆ.

ಬೆಚ್ಚಗಿನ ಬಟ್ಟೆ ಸುತ್ತಿದ ಕೂಡಲೇ ಪಾಪು ನಿದ್ದೆ ಹೋಯಿತು. ಆದರೆ ಅರ್ಧ ಬಟ್ಟೆ ಉಳಿದಿರುವಾಗಲೇ ಬಾನೆಟ್ಟು ಆರಿತು. ಆ ಕಾರನ್ನು ತಣ್ಣಗಿಡಲು ತಿಂಗಳಿಡೀ ಒದ್ದಾಡಿದ ಮೈದುನ ಮತ್ತೆ ಕೀ ಎತ್ತಿಕೊಂಡ.

"ಉಳಿದಿದ್ದು ಹಿಂಡಿಟ್ಟಿರಿ ಅತ್ತಿಗೆ, ತೂಬಗೆರೆವರ್ಗೂ ಹೋಗಿ ಚೆನ್ನಾಗಿ ಕಾಯಿಸ್ಕೊಂಡು ಬರ್ತೀನಿ."