ಪುಟದ ಎಡಭಾಗ

ನನ್ನ ಚಿಕ್ಕಪ್ಪನಿಗೆ ಪ್ರೆಸ್ಸಿನಲ್ಲಿ ಕೊಂಬಪ್ಪ ಎಂದೇ ಹೆಸರು. ಮೂವತ್ತೆಂಟು ವರ್ಷ ಪ್ರೂಫ್ ತಿದ್ದಿದವರು. ಯಾವ ಅಕ್ಷರದ ಕೊಂಬು ಬಿಟ್ಟುಹೋಗಿದ್ದರೂ ಅವರ ಕೆಂಪು ಪೆನ್ನು ನೇರ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಈಗ ಅದೇ ಪ್ರೆಸ್ಸಿನಲ್ಲಿ ನಾನು ಟೈಪ್ ಮಾಡುತ್ತೇನೆ. ಕೊಂಬು ಬಿಡುವುದರಲ್ಲಿ ನಮ್ಮ ವಂಶಕ್ಕೆ ನಾನೇ ಮೊದಲಿಗ.

ಚಿಕ್ಕಮ್ಮ ತೀರಿಕೊಂಡ ಮೇಲೆ ಚಿಕ್ಕಪ್ಪ ಮಾತು ಕಡಿಮೆ ಮಾಡಿದರು. ಒಂದು ದಿನ ಹೋಗಿ ನೋಡಿದರೆ, ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಒಬ್ಬರೇ ಕೂತಿದ್ದರು. ಅಂದಿನಿಂದ ನನ್ನ ಮೋಸ ಶುರು. ಎಂದೋ ಅಚ್ಚಾಗಿ ಹೋದ ಯಾವುದೋ ಸಂಘದ ವರದಿಗೆ ಹತ್ತು ತಪ್ಪು ತುರುಕಿ, ಅರ್ಜೆಂಟಂತೆ ಎಂದು ಸುಳ್ಳು ಹೇಳಿ, ವಾರಕ್ಕೆರಡು ಸಲ ಒಯ್ದುಕೊಡುವುದು. ಬೇಕೆಂದೇ ತಪ್ಪು ಮಾಡುವುದು ಸುಲಭವಲ್ಲ. ನನ್ನ ತಪ್ಪುಗಳೆಲ್ಲ ತಾವಾಗಿಯೇ ಆಗಿ ರೂಢಿ. ನಾನು ಹತ್ತು ಹಾಕಿದರೆ ಅವರು ಹದಿನಾಲ್ಕು ಹಿಡಿಯುತ್ತಿದ್ದರು. ನಿನಗೆ ಕೆಲಸ ಕೊಟ್ಟ ಪುಣ್ಯಾತ್ಮ ಯಾರೋ ಎಂದು ಬೈಯುವಾಗ ಅವರ ಮುಖ ಅರಳುತ್ತಿತ್ತು.

ಕಳೆದ ವಾರ ಹತ್ತರಲ್ಲಿ ನಾಲ್ಕೇ ಸಿಕ್ಕಿದ್ದವು. ಏನೋ ಆಯಾಸವಿರಬೇಕು ಅಂದುಕೊಂಡೆ. ಈ ಸಲ ಮೂರು. ಊಟದ ಬಿಡುವಿನಲ್ಲಿ ಎಲ್ಲ ಹಾಳೆಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದೆ. ಕೆಂಪು ಗುರುತೆಲ್ಲ ಪುಟದ ಬಲಕ್ಕೇ ಇದ್ದವು. ಎಡ ಅರ್ಧ ಪೂರ್ತಿ ಬೋಳು. ಪ್ರತಿ ಪುಟದಲ್ಲೂ.

ಪ್ರೆಸ್ಸಿನ ಯಜಮಾನರಿಗೂ ಹೇಳದೆ ಚಿಕ್ಕಪ್ಪನ ಮನೆಗೆ ಓಡಿದೆ. ಮೂರು ಮಹಡಿ ಎಲ್ಲೂ ನಿಲ್ಲದೆ ಹತ್ತಿದೆ. ಬಾಗಿಲು ತೆರೆದ ಚಿಕ್ಕಪ್ಪನ ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯ ಗಡ್ಡ ಹಾಗೇ ಉಳಿದಿತ್ತು. ಈಚೆಗೆ ಬಾಗಿಲಲ್ಲೇ ಹಾಳೆ ಕೊಟ್ಟು ಓಡುತ್ತಿದ್ದ ನನಗೆ ಅದು ಕಂಡಿರಲೇ ಇಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸದ್ದಿಲ್ಲದೆ ಎಡಕ್ಕೆ ಸರಿದು ಕೈ ಬೀಸಿದೆ. ಅವರು ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

“ಎಲ್ಲೋ ಹೋದೆ?”

“ಇಲ್ಲೇ ಇದೀನಿ ಚಿಕ್ಕಪ್ಪ. ಯಾವಾಗಿಂದ ಹೀಗೆ?”

ಹದಿನೈದು ದಿನವಾಯಿತು, ಬೆಳಿಗ್ಗೆ ಎದ್ದಾಗ ಅರ್ಧ ಕೋಣೆಯೇ ಇರಲಿಲ್ಲ ಎಂದರು. ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ಪ್ರೂಫ್ ತರೋದು ನಿಲ್ಲಿಸ್ತಿದ್ದೆ. ಪ್ರೂಫಿಲ್ದೆ ನೀನ್ಯಾಕೆ ಬರ್ತೀಯ ಇಲ್ಲಿಗೆ?”

ಬರಿಗೈಯಲ್ಲಿ ಕೊನೆಯ ಸಲ ಬಂದದ್ದು ಯಾವಾಗ ಎಂದು ನೆನಪಾಗಲಿಲ್ಲ. ಒಂಟಿತನಕ್ಕೆ ಮದ್ದು ಕಂಡುಹಿಡಿದೆನೆಂದು ಒಳಗೊಳಗೇ ಬೀಗುತ್ತಿದ್ದೆ. ಆ ಮದ್ದು ಕೈತಪ್ಪೀತೆಂದು ಅವರು ಕಾಯಿಲೆಯನ್ನೇ ಬಚ್ಚಿಟ್ಟಿದ್ದರು. ಅದೂ ಹದಿನೈದು ದಿನ.

ಆ ಕ್ಷಣವೇ ಆಸ್ಪತ್ರೆಗೆ ಹೊರಡಿಸಿದೆ. ಮೆಟ್ಟಿಲಿಳಿಯುವಾಗ ಅವರ ಎಡತೋಳು ಹಿಡಿದರೆ ಬೆಚ್ಚಿಬಿದ್ದರು.

“ಮಾತಾಡ್ತಾ ಇರೋ. ಇಲ್ದಿದ್ರೆ ಆ ಕಡೆ ಯಾರಿದ್ದಾರೋ ಗೊತ್ತಾಗಲ್ಲ.”

ಬಾಯಿಗೆ ಬಂದದ್ದನ್ನೆಲ್ಲ ಒದರಿದೆ. ನನ್ನ ದನಿ ನಿಂತರೆ ಅವರ ಕಾಲೂ ನಿಲ್ಲುತ್ತಿತ್ತು. ಕೆಳಗೆ ಇನ್ನೂ ಎರಡು ಮಹಡಿ ಬಾಕಿಯಿತ್ತು.