ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಹೋದ ಭಾನುವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ನಾನು ಒಬ್ಬ ಹೆಂಗಸಿಗೆ ಕೇಳಿದ ಪ್ರಶ್ನೆ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

‘ಏನಮ್ಮಾ, ನಿಮ್ಮ ಯಜಮಾನರು ನಾಲ್ಕು ತಿಂಗಳಿಂದ ಎಲ್ಲಿ ಮಾಯವಾಗಿಬಿಟ್ಟರು? ನನ್ನ ಕಾಟನ್ ಸೀರೆಗಳೆಲ್ಲ ಮುದ್ದೆಯಾಗಿ ಬಿದ್ದಿವೆ!’

ಅವರು ನಮ್ಮ ಇಸ್ತ್ರಿಯವರ ಹೆಂಡತಿ. ಪೋರೂರಿನ ಈ ಬಿಲ್ಡಿಂಗಿಗೆ ನಾವು ಬಂದು ಹನ್ನೊಂದು ವರ್ಷ. ಅಂದಿನಿಂದಲೂ ಇಸ್ತ್ರಿಯವರ ಗಾಡಿ ಗೇಟಿನ ಪಕ್ಕದಲ್ಲೇ ಇತ್ತು. ನಾಲ್ಕು ತಿಂಗಳಿಂದ ಟಾರ್ಪಾಲು ಮುಚ್ಚಿಕೊಂಡು ನಿಂತಿತ್ತು. ಆಕೆ ಅದರ ಹಗ್ಗ ಬಿಚ್ಚುತ್ತಿದ್ದರು. ನನ್ನ ಕಡೆ ತಿರುಗಿ, ‘ತವರಿಟ್ಟಾರು ಮಾ’ ಎಂದು ತಮಿಳಿನಲ್ಲಿ ಹೇಳಿದರು. ತೀರಿಕೊಂಡು ಮೂರು ತಿಂಗಳಾಯಿತಂತೆ. ಟಿ.ಬಿ.ಯಂತೆ.

ಟಿ.ಬಿ. ಎಂದ ಕೂಡಲೇ ನಾನು ಸೀರೆ ಮರೆತೆ. (ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ನನ್ನ ಹೊಟ್ಟೆಪಾಡು ಅದೇ. ಹೊಸಬರಿಗೆ ಹೇಳಿಬಿಡುತ್ತೇನೆ: ನಾನು ಸ್ಟ್ಯಾಟಿಸ್ಟಿಶಿಯನ್. ಎಗ್ಮೋರ್ ಕಡೆ ಒಂದು ಆಫೀಸಿನಲ್ಲಿ ಕೂತು ಟಿ.ಬಿ. ಸಂಶೋಧನೆಯ ಅಂಕಿಅಂಶ ನೋಡುವವಳು.) ನಮ್ಮದೊಂದು ವಿಚಿತ್ರ ಸಂಸಾರ. ಔಷಧಿ ಕೊಡುವ ಡಾಕ್ಟರ್ ಒಬ್ಬರು. ಕೆಮ್ಮಿದಾಗ ಹಾರುವ ಹನಿಗಳು ಮುಚ್ಚಿದ ಕೋಣೆಯಲ್ಲಿ ಎಷ್ಟು ಹೊತ್ತು ತೇಲುತ್ತವೆ ಎಂದು ಲೆಕ್ಕ ಹಾಕುವ ಫಿಸಿಕ್ಸ್‌ನವರು ಒಬ್ಬರು, ಮಂಡ್ಯದ ಕಡೆಯ ಸುದರ್ಶನ್. ಇಬ್ಬರ ನಡುವೆ ನಾನು. ಮಾತ್ರೆ ನುಂಗುವ ತಿಂಗಳುಗಳನ್ನು ಕಡಿಮೆ ಮಾಡಬಹುದೇ, ಮನೆಯವರಿಗೆ ಹರಡುವುದನ್ನು ತಡೆಯಬಹುದೇ? ನಮ್ಮ ತಲೆನೋವು ಇಷ್ಟೇ.

ನಾನು ಏನು ಕೆಲಸ ಮಾಡುತ್ತೇನೆಂದು ಆಕೆಗೆ ಗೊತ್ತಿಲ್ಲ. ಗಾಡಿಗೆ ಒರಗಿಕೊಂಡು ಎಲ್ಲ ಹೇಳಿದರು.

ಪೋರೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಬಗೆಯ ಚಿಕಿತ್ಸೆಗೆ ಸೇರಿಸಿಕೊಂಡಿದ್ದರಂತೆ. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ವಾಸಿಯಾಯಿತಲ್ಲ ಎಂದು ಇವರು ಮಾತ್ರೆ ಬಿಟ್ಟರು. (ಎಲ್ಲರೂ ಬಿಡುವುದು ಅಲ್ಲಿಯೇ.) ಮತ್ತೆ ಜ್ವರ ಬಂತು. ಆಸ್ಪತ್ರೆಗೆ ಹೋದರೆ ಮಾತ್ರೆ ಬಿಟ್ಟದ್ದಕ್ಕೆ ಡಾಕ್ಟರಮ್ಮ ಬೈಯುತ್ತಾರೆಂದು ಹೆದರಿಕೆ. ಬಟ್ಟೆಗೆ ಇಸ್ತ್ರಿ ಹಾಕಿ ಸಂಸಾರ ಸಾಕಿದ ಗಂಡಸು, ಬೈಗುಳಕ್ಕೆ ಹೆದರಿ ಹೆಂಡತಿಯ ತವರೂರಿಗೆ, ತಿಂಡಿವನಂ ಹತ್ತಿರದ ಹಳ್ಳಿಗೆ, ಹೋಗಿ ಮಲಗಿದರು. ಫೋನ್ ಬೇರೆ ಕೆಟ್ಟುಹೋಗಿತ್ತು.

‘ತಪ್ಪಿಸಿಕೊಂಡರೆ ಮನೆಗೇ ಹುಡುಕಿಕೊಂಡು ಬರುತ್ತೇವೆ ಅಂದಿದ್ದರು ಮಾ. ಯಾರುಮೇ ವರಲೆ, ಯಾರೂ ಬರಲಿಲ್ಲ. ಒಬ್ಬರು ಬಂದು ಕರೆದಿದ್ದರೆ ಸಾಕಿತ್ತು, ಹೋಗಿರುತ್ತಿದ್ದರು. ನಾಂಗ ಏಳೈಂಗದಾನೆ. ಬಡವರನ್ನು ಯಾರು ಹುಡುಕುತ್ತಾರೆ?’

ಪರ್ಸಿನಿಂದ ಮಡಚಿದ ಕಾರ್ಡೊಂದನ್ನು ತೆಗೆದು ತೋರಿಸಿದರು. ಬಣ್ಣ ನೋಡಿದ ತಕ್ಷಣ ಗೊತ್ತಾಯಿತು. ನಮ್ಮದೇ ಸ್ಟಡಿ. ನಂಬರ್, ಅದರ ಕೆಳಗೆ ಹೆಸರು: ಧನಶೇಖರ್. (ಹೆಸರು ಬದಲಿಸಿದ್ದೇನೆ.) ಅದರ ಕೆಳಗೆ ವಿಳಾಸ.

ಅದು ನನ್ನ ವಿಳಾಸ. ಡೋರ್ ನಂಬರ್ ಒಂದಿರಲಿಲ್ಲ, ಉಳಿದದ್ದೆಲ್ಲ ನಮ್ಮ ಬಿಲ್ಡಿಂಗಿನದೇ.

‘ಇಲ್ಲಿಯ ಅಡ್ರೆಸ್ ಯಾಕೆ ಕೊಟ್ಟರು?’ ಎಂದೆ.

‘ಆಸ್ಪತ್ರೆಯವರು ನಮ್ಮ ಮನೆಗೆ ಬಂದರೆ ಹೌಸ್ ಓನರಿಗೆ ಗೊತ್ತಾಗುತ್ತಲ್ಲ ಮಾ. ಕಾಲಿ ಪಣ್ಣ ಸೊಲ್ಲಿಡುವಾರು. ಮನೆ ಬಿಡಿಸಿಬಿಡುತ್ತಾರೆ. ಇಲ್ಲಿಯಾದರೆ ಎಲ್ಲರೂ ಗೊತ್ತಿರುವವರು ಅಂದರು.’

ಎಲ್ಲರೂ ಗೊತ್ತಿರುವವರು!

ಆಗ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಒಂದು ಬುಧವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಜೂಮ್ ಮೀಟಿಂಗ್. ಫ್ಯಾನ್ ಯಾವ ಕಡೆ ತಿರುಗಿದರೆ, ಕಿಟಕಿ ಎಷ್ಟು ತೆರೆದರೆ ಕೆಮ್ಮಿನ ಹನಿ ಎತ್ತ ಹೋಗುತ್ತದೆ ಎಂದು ಸುದರ್ಶನ್ ಚಿತ್ರ ತೋರಿಸುತ್ತಿದ್ದರು. ಬೆಲ್ ಆಯಿತು. ಬಾಗಿಲಲ್ಲಿ ಬೆವರಿದ ಒಬ್ಬ ಯುವತಿ, ಹೆಗಲಿಗೆ ಬ್ಯಾಗು.

‘ಮೇಡಮ್, ಇಂಗ ಧನಶೇಖರ್‌ನು ಯಾರಾವದು ಇರುಕ್ಕಾಂಗಳಾ?’

‘ಯಾವ ಧನಶೇಖರ್? ಏನು ವಿಷಯ?’

‘ಪರ್ಸನಲ್ ಮೇಡಮ್. ವಾಚ್‌ಮನ್‌ಗೆ ತಿಳಿದಿಲ್ಲ. ಅದಕ್ಕೆ ನಿಮ್ಮನ್ನು ಕೇಳಿದೆ.’

ವಾಚ್‌ಮನ್ ಹೊಸಬ. ಆಕೆ ವಾಟರ್ ಪ್ಯೂರಿಫೈಯರ್ ಮಾರುವವಳೇ ಇರಬೇಕೆಂದು ನಾನೇ ತೀರ್ಮಾನಿಸಿಬಿಟ್ಟೆ. ಹಾಗೆಂದು ಅವಳೇನೂ ಹೇಳಿರಲಿಲ್ಲ. ‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಎಂದು ಬಾಗಿಲು ಹಾಕಿ ಬಂದು, ಫ್ಯಾನು ಕಿಟಕಿಗಳ ಮುಂದೆ ಮತ್ತೆ ಕೂತೆ.

ಸುಳ್ಳು ಹೇಳಿದೆನೇ? ಇಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬಿಲ್ಡಿಂಗಿನವರಿಗೆಲ್ಲ ಅವರು ಐರನ್‌ಕಾರರ್, ನಮ್ಮ ಮನೆಯಲ್ಲಿ ಇಸ್ತ್ರಿಯವರು. ಹನ್ನೊಂದು ವರ್ಷ ನನ್ನ ಸೀರೆಯ ಅಂಚು ಯಾವುದು, ಸೆರಗು ಯಾವುದು ಎಂದು ತಿಳಿದು ಮಡಚಿಕೊಟ್ಟವರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಫೋನಿನಲ್ಲೂ ‘ಇಸ್ತ್ರಿ’ ಎಂದೇ ಸೇವ್ ಆಗಿದ್ದಾರೆ. ನಿಮ್ಮ ಫೋನ್ ತೆಗೆದು ನೋಡಿ. ಪ್ಲಂಬರ್, ಗ್ಯಾಸ್, ಹಾಲು, ಹೂವು. ಎಷ್ಟು ಜನಕ್ಕೆ ಹೆಸರಿದೆ?

ಆ ಯುವತಿ ನಮ್ಮ ಪೋರೂರು ಸೆಂಟರಿನ ಫೀಲ್ಡ್ ವರ್ಕರ್. ಅವಳನ್ನು ನಾನು ಹಿಂದೆ ನೋಡಿರಲಿಲ್ಲ; ನನಗೆ ಅಂಥವರು ಕಳಿಸುವ ಡೇಟಾ ಮಾತ್ರ ಗೊತ್ತು. ರೋಗಿಯ ಮನೆಗೆ ಹೋದಾಗ ಬ್ಯಾಡ್ಜ್ ತೋರಿಸಬಾರದು, ಕಾಯಿಲೆಯ ಹೆಸರು ಎತ್ತಬಾರದು ಎಂಬುದು ನಮ್ಮ ನಿಯಮ. ಒಳ್ಳೆಯ ನಿಯಮವೇ. ಅದನ್ನು ಬರೆದವರಲ್ಲಿ ನಾನೂ ಒಬ್ಬಳು.

ಭಾನುವಾರ ಮನೆಯೊಳಗೆ ಬಂದು ಮಗಳಿಗೆ ಹೇಳಿದೆ. ಒಂಬತ್ತನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಲ್ಲೇ ಉತ್ತರಿಸುವುದು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ‘ಧನಶೇಖರ್ ಅಂಕಲ್ ಮಾ. ಉನಕ್ಕು ಅವರ್ ಪೇರು ಕೂಡ ತೆರಿಯಾದಾ?’ ಎಂದಳು.

ಅವಳಿಗೆ ಅವರ ಹೆಸರು ಗೊತ್ತಿತ್ತು! ಯೂನಿಫಾರ್ಮ್ ತರಲು ಹೋದಾಗ ಕೇಳಿದ್ದಳಂತೆ. ಆ ಬುಧವಾರ ಅವಳು ಸ್ಕೂಲಿನಲ್ಲಿದ್ದಳು.

ಸೋಮವಾರ ಆಫೀಸಿನಲ್ಲಿ ಆ ಕಾರ್ಡಿನ ನಂಬರ್ ಹುಡುಕಿದೆ. ಷರಾ ಕಾಲಮ್ಮಿನಲ್ಲಿ ಒಂದು ಸಾಲು: ವಿಳಾಸಕ್ಕೆ ಭೇಟಿ ನೀಡಲಾಯಿತು, ಈ ಹೆಸರಿನವರು ಇಲ್ಲವೆಂದು ನಿವಾಸಿಗಳು ತಿಳಿಸಿದರು.

ನಿವಾಸಿಗಳು. ಎಷ್ಟು ಗೌರವದ ಮಾತು! ನಾನೊಬ್ಬಳೇ ಆಗ ಬಾಗಿಲು ತೆರೆದದ್ದು.

ನಮ್ಮ ಗ್ರಾಫಿನಲ್ಲಿ ಒಬ್ಬರು ಸತ್ತರೆ ಗೆರೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಆದರೆ ರೋಗಿ ನಾಪತ್ತೆಯಾದರೆ ಗೆರೆ ಇಳಿಯುವುದಿಲ್ಲ, ಅದರ ಮೇಲೊಂದು ಸಣ್ಣ ಗೀಟು ಬೀಳುತ್ತದೆ ಅಷ್ಟೇ. ಇಲ್ಲಿಯವರೆಗೆ ಇವರಿದ್ದರು, ಮುಂದೆ ತಿಳಿಯದು ಎಂದರ್ಥ. ಇಪ್ಪತ್ತು ವರ್ಷದಿಂದ ಅಂಥ ಗೀಟುಗಳನ್ನು ಎಳೆಯುತ್ತಿದ್ದೇನೆ. ಅವು ಜಾಸ್ತಿಯಾದಾಗ ಫೀಲ್ಡಿನವರನ್ನು ‘ಸರಿಯಾಗಿ ಹುಡುಕುವುದಿಲ್ಲ’ ಎಂದು ಬೈದೂ ಇದ್ದೇನೆ. ಇವರ ಗೀಟೂ ಅಲ್ಲಿತ್ತು. ಎಷ್ಟು ಸಲ ಅದರ ಮೇಲೆ ಕಣ್ಣು ಹಾಯಿಸಿದ್ದೆನೋ.

ಸುದರ್ಶನ್ ಹತ್ತಿರ ಎಲ್ಲ ಹೇಳಿಕೊಂಡೆ. ಪಾಪ, ಸಮಾಧಾನ ಮಾಡಬೇಕಲ್ಲ. ‘ಅಲ್ಲ ಕಣ್ರೀ ಮೇಡಮ್ಮೋರೆ, ಸುಮ್ಕೆ ಯಾಕ್ ಕೊರಗ್ತೀರಿ? ಒಂದ್ ಪಾಯಿಂಟಿಂದ ನಿಮ್ ರಿಸಲ್ಟ್ ಏನ್ ಅಲ್ಲಾಡಲ್ಲ ಬುಡಿ’ ಎಂದರು.

ಸರಿ ಹೇಳಿದರು. ನಾನೂ ಅಷ್ಟರಲ್ಲಿ ಲೆಕ್ಕ ಹಾಕಿ ನೋಡಿಬಿಟ್ಟಿದ್ದೆ. ಏನೂ ಅಲ್ಲಾಡಿರಲಿಲ್ಲ. ಅದಕ್ಕೇ ಅಳು ಬಂದದ್ದು.

ಡಾಕ್ಟರಿಗೆ ಇಷ್ಟೆಲ್ಲ ಹೇಳಲಾಗಲಿಲ್ಲ. ಈ ನಂಬರಿನ ರೋಗಿ ತೀರಿಕೊಂಡಿದ್ದಾರೆ, ನಮ್ಮ ಬಿಲ್ಡಿಂಗಿನಲ್ಲಿ ತಿಳಿಯಿತು ಎಂದೆ. ಅವರು ಸಾವಿನ ದಾಖಲೆ ತರಿಸಿದರು. ಗೀಟು ಹೋಗಿ ಗೆರೆ ಒಂದು ಮೆಟ್ಟಿಲು ಕೆಳಗಿಳಿಯಿತು. ‘ಗುಡ್ ಕ್ಯಾಚ್ ಮೇಡಮ್’ ಎಂದು ನನ್ನ ಬೆನ್ನು ತಟ್ಟಿದರು.

ದಾಖಲೆಗಾಗಿ ಆಸ್ಪತ್ರೆಯವರು ಹೋದಾಗ ಆಕೆ ಕೊಡಲು ಒಪ್ಪಲಿಲ್ಲವಂತೆ. ಕೊನೆಗೆ ಕಾಗದ ಮುಂದಿಟ್ಟು, ‘ಈಗ ದಾರಿ ಗೊತ್ತಾಯಿತಾ?’ ಎಂದು ಕೇಳಿದರಂತೆ.

ಓದುಗರೇ, ಅದು ನನಗೆ ಚುಚ್ಚಿತು. ಏಕೆಂದರೆ ಆಕೆಯ ಎದೆಯಲ್ಲಿ ಎರಡು ದುಃಖಗಳಿವೆ. ಗಂಡ ಹೋದದ್ದು ಒಂದು. ಅವರನ್ನು ಯಾರೂ ಹುಡುಕಲಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಬಳಿ ಔಷಧಿ ಇಲ್ಲ. ಎರಡನೆಯದಕ್ಕೆ ಇದೆ. ಹುಡುಕಿಕೊಂಡು ಬಂದಿದ್ದರಮ್ಮಾ, ಬಿಸಿಲಲ್ಲಿ ಬಂದಿದ್ದರು, ಮೆಟ್ಟಿಲು ಹತ್ತಿ ಬಂದಿದ್ದರು ಎಂದರೆ ಸಾಕು. ಆದರೆ ಬಂದವರು ಯಾಕೆ ಹಿಂದಿರುಗಿದರು ಎಂದು ಆಕೆ ಕೇಳಿಯೇ ಕೇಳುತ್ತಾರೆ.

ಭಾನುವಾರ ಕೇಳಿ ಪಡೆದ ಆಕೆಯ ಫೋನ್ ನಂಬರ್ ನನ್ನ ಬಳಿ ಇದೆ. ಎರಡು ಸಲ ಒತ್ತಲು ಹೋಗಿ ಬಿಟ್ಟೆ. ಬದಲಿಗೆ ಇದನ್ನು ಬರೆದೆ, ಸಾವಿರಾರು ಜನ ಓದುವ ಕಡೆ, ಒಂದನ್ನೂ ಮುಚ್ಚಿಡದೆ. ದೊಡ್ಡ ಧೈರ್ಯ ಎಂದುಕೊಳ್ಳಬೇಡಿ.

ಆಕೆಗೆ ಕನ್ನಡ ಓದಲು ಬರುವುದಿಲ್ಲ.